ಮನೆಯ ಸೆಪ್ಟಿಕ್ ಟ್ಯಾಂಕಿಗೆ ಪರವಾನಗಿ: ಬಸವಕಲ್ಯಾಣ, ಹುಮನಾಬಾದಿನಲ್ಲಿ ಮನೆ ಕಟ್ಟುವವರಿಗೆ

ಕರ್ನಾಟಕದಲ್ಲಿ ಒಂದು ಕುಟುಂಬದ ಮನೆಯ ಸೆಪ್ಟಿಕ್ ಟ್ಯಾಂಕಿಗೆ ಪ್ರತ್ಯೇಕ ಲೈಸೆನ್ಸ್ ಇಲ್ಲ. ಟ್ಯಾಂಕು, ಅದರಾಚೆಯ ಇಂಗುಗುಂಡಿ, ಎರಡನ್ನೂ ಸೇರಿಸುವ ಕೊಳವೆ ಎಲ್ಲವೂ ಮನೆಯ ನಕ್ಷೆಯೊಳಗೇ ಬರಬೇಕು. ನಕ್ಷೆ ಮಂಜೂರಾದರೆ ಅವೂ ಮಂಜೂರಾದಂತೆ. ನಕ್ಷೆಯಲ್ಲಿ ತೋರಿಸದೆ ತೋಡಿದ ಗುಂಡಿ ಪರವಾನಗಿ ಇಲ್ಲದ ಕಾಮಗಾರಿ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸ್ಥಳೀಯ ಆರೋಗ್ಯ ಇಲಾಖೆ ಮಣ್ಣಿನ ಪರೀಕ್ಷೆಯ ಫಲಿತಾಂಶ ನೋಡಿ ಸೆಪ್ಟಿಕ್ ವ್ಯವಸ್ಥೆಗೆಂದೇ ಬೇರೆ ಪರವಾನಗಿ ಕೊಡುತ್ತದೆ. ಅನೇಕ ಕಡೆ ಟ್ಯಾಂಕ್ ಕೂರಿಸುವ ಗುತ್ತಿಗೆದಾರನಿಗೂ ಲೈಸೆನ್ಸ್ ಬೇಕು. ಬಸವಕಲ್ಯಾಣದಲ್ಲಿ ಟ್ಯಾಂಕ್ ಕಟ್ಟುವ ಗೌಂಡಿಗೆ ಅಂಥ ಲೈಸೆನ್ಸಿನ ಅಗತ್ಯವಿಲ್ಲ. ಮಣ್ಣು ಎಷ್ಟು ನೀರು ಹೀರುತ್ತದೆ ಎಂಬ ಪರೀಕ್ಷೆಯ ವರದಿಯನ್ನು ಒಂಟಿ ಮನೆಯವರಿಂದ ಸಾಮಾನ್ಯವಾಗಿ ಕೇಳುವುದೂ ಇಲ್ಲ. ಹಾಗಾಗಿ ಇಲ್ಲಿ ಕಾಗದದ ಕೆಲಸ ಕಡಿಮೆ, ಮನೆ ಮಾಲೀಕರ ಹೊಣೆ ಹೆಚ್ಚು. ಕಚೇರಿ ಪರೀಕ್ಷಿಸದೆ ಬಿಡುವ ಸಂಗತಿಗಳನ್ನು ಮಾಲೀಕರೇ ಪರೀಕ್ಷಿಸಿಕೊಳ್ಳಬೇಕು.

ಯಾವ ಕಚೇರಿ, ಯಾವ ಕಾಯ್ದೆ

ಮೊದಲು ತಿಳಿಯಬೇಕಾದ್ದು ಪ್ಲಾಟು ಯಾರ ಹದ್ದಿನಲ್ಲಿದೆ ಎಂಬುದು. ಬಸವಕಲ್ಯಾಣದಲ್ಲಿ ನಗರಸಭೆ ಇದೆ, ಅದರ ಆಡಳಿತದ ಮುಖ್ಯಸ್ಥರು ಪೌರಾಯುಕ್ತರು. ಹುಮನಾಬಾದಿನಲ್ಲಿ ಪುರಸಭೆ, ಅಲ್ಲಿ ಮುಖ್ಯಾಧಿಕಾರಿ. ಎರಡೂ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಅಡಿ, ಅದರ 187ನೇ ಪ್ರಕರಣ ಕಟ್ಟಡ ಪರವಾನಗಿಯದು. ಊರ ಹೊರಗಿನ ರಾಜೇಶ್ವರ, ಮುಡಬಿ, ದುಬಲಗುಂಡಿ, ಘಾಟಬೋರಳದಂಥ ಊರುಗಳಲ್ಲಿ ಗ್ರಾಮ ಪಂಚಾಯಿತಿಯೇ ಪರವಾನಗಿ ಕೊಡುವ ಸಂಸ್ಥೆ. ಅಲ್ಲಿಗೆ ಅನ್ವಯವಾಗುವುದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ, ಅರ್ಜಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೂಲಕ ಹೋಗುತ್ತದೆ. ಚಿಟಗುಪ್ಪ ಮತ್ತು ಹಳ್ಳಿಖೇಡ (ಬಿ) ಪಟ್ಟಣಗಳಿಗೆ ತಮ್ಮದೇ ಸ್ಥಳೀಯ ಸಂಸ್ಥೆಗಳಿವೆ. ಹುಲಸೂರು ಬಸವಕಲ್ಯಾಣದಿಂದ, ಚಿಟಗುಪ್ಪ ಹುಮನಾಬಾದಿನಿಂದ ಬೇರೆಯಾಗಿ ಈಗ ಸ್ವತಂತ್ರ ತಾಲ್ಲೂಕುಗಳು. ಆ ಭಾಗದ ಹಳ್ಳಿಗಳವರು ಮೇಲ್ಮನವಿಗೆ, ದೂರಿಗೆ ಹಳೆಯ ತಾಲ್ಲೂಕು ಕೇಂದ್ರಕ್ಕೆ ಅಲೆಯುವ ಮುನ್ನ ತಮ್ಮ ಊರು ಈಗ ಯಾವ ತಾಲ್ಲೂಕಿನಲ್ಲಿದೆ ಎಂದು ಖಚಿತಪಡಿಸಿಕೊಳ್ಳಬೇಕು.

ಗಡಿ ಊರುಗಳಲ್ಲಿ ಇನ್ನೊಂದು ಗೊಂದಲವಿದೆ. ಬಸವಕಲ್ಯಾಣದವರು ಸಾಮಾನು, ಕೆಲಸಗಾರರು, ಸಿದ್ಧ ಟ್ಯಾಂಕುಗಳಿಗಾಗಿ ಉಮರ್ಗಾ ಕಡೆಗೂ, ಹುಮನಾಬಾದಿನವರು ಜಹೀರಾಬಾದ್ ಕಡೆಗೂ ಹೋಗುವುದು ಸಹಜ. ಆದರೆ ಟ್ಯಾಂಕು ಎಲ್ಲಿ ತಯಾರಾಯಿತು, ಗುತ್ತಿಗೆದಾರ ಎಲ್ಲಿಯವನು ಎಂಬುದು ಪರವಾನಗಿಗೆ ಸಂಬಂಧಿಸಿದ್ದಲ್ಲ. ಮನೆ ನಿಂತ ನೆಲದ ಸ್ಥಳೀಯ ಸಂಸ್ಥೆಯ ನಿಯಮವೇ ನಡೆಯುತ್ತದೆ. ‘ಅಲ್ಲಿ ಹೀಗೇ ಹಾಕುತ್ತಾರೆ’ ಎಂಬ ಮಾರಾಟಗಾರನ ಮಾತು ಇಲ್ಲಿನ ಇಂಜಿನಿಯರಿಗೆ ಉತ್ತರವಾಗಲಾರದು.

ಪ್ಲಾಟಿನ ಕಾಗದ ಸರಿಯಿದ್ದರೆ ಮಾತ್ರ ನಕ್ಷೆ

ಸೆಪ್ಟಿಕ್ ಟ್ಯಾಂಕಿನ ತಕರಾರು ಎಂದು ತೋರುವ ಎಷ್ಟೋ ಅರ್ಜಿಗಳು ನಿಜವಾಗಿ ನಿಲ್ಲುವುದು ನಿವೇಶನದ ದಾಖಲೆಯ ಮೇಲೆ. ಪಟ್ಟಣದಲ್ಲಿ ಇ-ಆಸ್ತಿ ತಂತ್ರಾಂಶದಿಂದ ಬರುವ ಖಾತೆ ಬೇಕು, ವಾಡಿಕೆಯಲ್ಲಿ ಅದನ್ನು ನಮೂನೆ-3 ಎನ್ನುತ್ತಾರೆ. ಹಳ್ಳಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಹೊಲ ಒಡೆದು ಮಾಡಿದ ಪ್ಲಾಟಾದರೆ ಅದು ಎನ್‌.ಎ. ಆಗಿರಬೇಕು, ಅಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿ, ಬಡಾವಣೆಗೂ ಅನುಮೋದನೆ ಸಿಕ್ಕಿರಬೇಕು. ನಮೂನೆ 11ಬಿ ಅಥವಾ ಬಿ-ಖಾತೆ ಇದ್ದರೆ ತೆರಿಗೆ ಕಟ್ಟಬಹುದು. ಆದರೆ ತೆರಿಗೆ ರಸೀದಿ ಕೈಯಲ್ಲಿದೆ ಎಂದ ಮಾತ್ರಕ್ಕೆ ಕಟ್ಟಡಕ್ಕೆ ಪರವಾನಗಿ ಸಿಕ್ಕೇ ಸಿಗುತ್ತದೆ ಎಂದು ತಿಳಿಯಬಾರದು. ಅಂಥ ಪ್ಲಾಟಿನಲ್ಲಿ ಪಾಯ ತೋಡುವ ಮೊದಲೇ ಕಚೇರಿಯಿಂದ ಲಿಖಿತ ಉತ್ತರ ಪಡೆಯುವುದು ಒಳಿತು.

ಖರೀದಿ ಪತ್ರ ಅಥವಾ ಹಕ್ಕುಪತ್ರ, ಖಾತೆಯ ಪ್ರತಿ, ಚಾಲ್ತಿ ವರ್ಷದ ತೆರಿಗೆ ರಸೀದಿ, ಗುರುತಿನ ಚೀಟಿ, ನೋಂದಾಯಿತ ಇಂಜಿನಿಯರ್ ಸಹಿಯಿರುವ ನಕ್ಷೆ ಇವು ಸಾಮಾನ್ಯವಾಗಿ ಬೇಕಾಗುವ ಕಾಗದಗಳು. ಪಟ್ಟಣದಲ್ಲಿ ಅರ್ಜಿ ಆನ್‌ಲೈನಿನಲ್ಲಿ ಇಂಜಿನಿಯರ್ ಮೂಲಕವೇ ಸಲ್ಲಿಕೆಯಾಗುತ್ತದೆ. ಹಳ್ಳಿಯವರು ಪಂಚಾಯಿತಿ ಕಟ್ಟಡದಲ್ಲಿರುವ ಬಾಪೂಜಿ ಸೇವಾ ಕೇಂದ್ರದಲ್ಲಿ ಕೊಡಬಹುದು. ಕಟ್ಟಡ ಪರವಾನಗಿ ಸಕಾಲ ಸೇವೆಗಳಲ್ಲಿ ಸೇರಿದೆ. ಅರ್ಜಿ ಸ್ವೀಕರಿಸಿದಾಗ 15 ಅಂಕಿಯ ಸಕಾಲ ಸಂಖ್ಯೆಯ ಸ್ವೀಕೃತಿ ಕೇಳಿ ಪಡೆಯಬೇಕು, ಯಾವ ದಿನದೊಳಗೆ ತೀರ್ಮಾನವಾಗಬೇಕು ಎಂಬುದು ಅದರಲ್ಲೇ ಇರುತ್ತದೆ. ಸ್ವೀಕೃತಿ ಇಲ್ಲದೆ ಮೇಜಿನ ಮೇಲಿಟ್ಟು ಬಂದ ಅರ್ಜಿಗೆ ಗಡುವೂ ಇಲ್ಲ, ವಿಳಂಬಕ್ಕೆ ಪರಿಹಾರವೂ ಇಲ್ಲ.

ಪರವಾನಗಿ ಪಡೆದು ಕಟ್ಟಿದ ಮನೆಗೆ ಕೊನೆಯಲ್ಲಿ ವಾಸಯೋಗ್ಯ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಇದಕ್ಕೆ ಈಚೆಗೆ ಹೆಚ್ಚು ತೂಕ ಬಂದಿದೆ: ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯವೆಂಬ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಸೂಚಿಸಿತು. ಈ ಷರತ್ತಿನಿಂದ ಸಣ್ಣ ಮನೆಗೆ ಸಡಿಲಿಕೆ ಇದೆಯೇ ಎಂಬುದನ್ನು ಮನೆ ಶುರುಮಾಡುವ ಮುಂಚೆಯೇ ವಿದ್ಯುತ್ ಕಂಪನಿ ಜೆಸ್ಕಾಂನ ಕಚೇರಿಯಲ್ಲಿ ವಿಚಾರಿಸಬೇಕು, ಗೋಡೆಗೆ ಬಣ್ಣ ಬಳಿದ ಮೇಲಲ್ಲ. ಹಳೆಯ ಮನೆಗೆ ಹೊಸದಾಗಿ ಟ್ಯಾಂಕ್ ಕಟ್ಟುವವರು, ಮನೆಯ ಕಟ್ಟಡವೂ ಬದಲಾಗುವುದಾದರೆ ಪರಿಷ್ಕೃತ ನಕ್ಷೆ ಕೊಡಬೇಕು. ಟ್ಯಾಂಕ್ ಮಾತ್ರವಾದರೂ ಅದು ಎಲ್ಲಿ ಬರುತ್ತದೆಂದು ತೋರಿಸುವ ಗುರುತು ನಕ್ಷೆಯೊಂದಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಂಡರೆ ಮುಂದೆ ನೆರೆಯವರ ತಕರಾರು ಬಂದಾಗ ಅದೇ ಆಧಾರ. ಕೇಂದ್ರ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ ನಿಯಮ ಬಿಗಿ. ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರಿನಲ್ಲಿ ಹೊಸ ಮನೆ ಕಟ್ಟಲು ಪುರಾತತ್ವ ವಿಭಾಗದ ಅನುಮತಿ ಬೇರೆ ಬೇಕು. ಹಳೆಯ ಗುಡಿ, ಕೋಟೆ, ದರ್ಗಾಗಳು ಹರಡಿಕೊಂಡಿರುವ ಈ ಸೀಮೆಯಲ್ಲಿ ಇದನ್ನು ಕೇಳಿಯೇ ಮುಂದುವರಿಯಬೇಕು.

ನಕ್ಷೆಯಲ್ಲಿ ಬರೆಯಬೇಕಾದ ಅಳತೆ

ಟ್ಯಾಂಕಿನ ಅಳತೆಗೆ ದೇಶದಾದ್ಯಂತ ಆಧಾರವಾಗಿರುವುದು ಭಾರತೀಯ ಮಾನಕ ಐಎಸ್ 2470, ಅದರ ಮೊದಲ ಭಾಗದ ಈಗಿನ ರೂಪ 1985ರದು. ಅದರ ಪ್ರಕಾರ ಟ್ಯಾಂಕಿನ ಅಗಲ 75 ಸೆಂಟಿಮೀಟರಿಗಿಂತ, ನೀರಿನ ಆಳ 1 ಮೀಟರಿಗಿಂತ, ಹಿಡಿಯುವ ನೀರು 1,000 ಲೀಟರಿಗಿಂತ ಕಡಿಮೆಯಿರಬಾರದು. ಉದ್ದ ಅಗಲದ ಎರಡರಿಂದ ನಾಲ್ಕು ಪಟ್ಟು. ಐದು ಜನರ ಮನೆಗೆ ಒಳಗಿನ ಅಳತೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ. ಅದರ ಮೇಲೆ 30 ಸೆಂಟಿಮೀಟರ್ ಖಾಲಿ ಜಾಗ. ಹತ್ತು ಜನಕ್ಕೆ 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ. ಈ ಹತ್ತು ಜನರ ಟ್ಯಾಂಕನ್ನು ವರ್ಷಕ್ಕೊಮ್ಮೆ ಖಾಲಿ ಮಾಡಿಸುವುದಾದರೆ ನೀರಿನ ಆಳ 1 ಮೀಟರ್ ಸಾಕು, ಎರಡು ವರ್ಷಕ್ಕೊಮ್ಮೆ ಎಂದರೆ 1.4 ಮೀಟರ್ ಬೇಕು.

ಈ ಅಳತೆ ನೋಡಿದವರಿಗೆ ಟ್ಯಾಂಕು ಬಹಳ ಚಿಕ್ಕದೆನ್ನಿಸುತ್ತದೆ. ರೂಢಿಯಲ್ಲಿ ಇದರ ಮೂರು ನಾಲ್ಕು ಪಟ್ಟು ದೊಡ್ಡ ಗುಂಡಿ ತೋಡಿ, ಸಿಮೆಂಟ್ ರಿಂಗ್ ಇಳಿಸಿ, ತಳಕ್ಕೆ ಏನೂ ಹಾಕದೆ ಮೇಲೆ ಫರಸಿ ಮುಚ್ಚುತ್ತಾರೆ. ಅದಕ್ಕೂ ಸೆಪ್ಟಿಕ್ ಟ್ಯಾಂಕ್ ಎಂದೇ ಹೆಸರು. ಅದು ಸೆಪ್ಟಿಕ್ ಟ್ಯಾಂಕ್ ಅಲ್ಲ, ತಳವಿಲ್ಲದ ಸಂಡಾಸ ಗುಂಡಿ. ನಿಜವಾದ ಟ್ಯಾಂಕಿನ ತಳವೂ ಗೋಡೆಯೂ ನೀರು ಸೋರದಂತೆ ಕಾಂಕ್ರೀಟು, ಗಿಲಾವು ಆಗಿರಬೇಕು. ಅದರೊಳಗೆ ಗಟ್ಟಿ ಮಲ ತಳಕ್ಕಿಳಿದು, ಗಾಳಿಯಿಲ್ಲದೆ ಬದುಕುವ ಜೀವಾಣುಗಳಿಂದ ನಿಧಾನವಾಗಿ ಕೊಳೆಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ಹೊರಹೋಗುವ ಕೊಳವೆ ಒಳಬರುವ ಕೊಳವೆಗಿಂತ 5 ಸೆಂಟಿಮೀಟರಿನಷ್ಟು ಕೆಳಗಿದ್ದು, ಎರಡಕ್ಕೂ ಟಿ ಆಕಾರದ ತುಂಡು ಹಾಕುವುದು ಈ ಮೂರು ಪದರ ಕಲಕದಿರಲೆಂದು. ತಳ ತೆರೆದಿದ್ದರೆ ಇದೊಂದೂ ನಡೆಯುವುದಿಲ್ಲ. ಎಲ್ಲವೂ ನೇರವಾಗಿ ನೆಲಕ್ಕೆ, ನೆಲದಿಂದ ಬಾವಿಗೆ. 2,000 ಲೀಟರಿಗಿಂತ ದೊಡ್ಡ ಟ್ಯಾಂಕಿನಲ್ಲಿ ನಡುಗೋಡೆ ಕಟ್ಟಿ ಎರಡು ಕೋಣೆ ಮಾಡುವುದು ಉತ್ತಮ. ಗಾಳಿ ಕೊಳವೆ ಕನಿಷ್ಠ 5 ಸೆಂಟಿಮೀಟರ್ ವ್ಯಾಸದ್ದಾಗಿರಬೇಕು. ಮನೆ 15 ಮೀಟರಿಗಿಂತ ಹತ್ತಿರವಿದ್ದರೆ ಅದು ಮಾಳಿಗೆಗಿಂತ 2 ಮೀಟರ್ ಮೇಲಕ್ಕೆ ಹೋಗಬೇಕು.

ಮುಚ್ಚಳದ ಜಾಗವನ್ನು ನಕ್ಷೆಯಲ್ಲಿ ಗುರುತಿಸುವಾಗಲೇ ಇನ್ನೊಂದನ್ನು ಯೋಚಿಸಬೇಕು. ಸಕ್ಕಿಂಗ್ ಗಾಡಿಯ ಪೈಪು ಅಲ್ಲಿಗೆ ತಲುಪಬೇಕು. ಅಡುಗೆಮನೆಯ ಕೆಳಗೆ, ಜಿನೆಯ ಕೆಳಗೆ ಟ್ಯಾಂಕ್ ಕಟ್ಟಿ ಮೇಲೆ ಟೈಲ್ಸ್ ಕೂರಿಸಿದ ಮನೆಗಳು ಹಳೆಯ ಪೇಟೆಗಳಲ್ಲಿವೆ. ಅವುಗಳನ್ನು ಖಾಲಿ ಮಾಡಿಸಲು ನೆಲವನ್ನೇ ಒಡೆಯಬೇಕಾಗುತ್ತದೆ, ಅದಕ್ಕೇ ಯಾರೂ ಮಾಡಿಸುವುದಿಲ್ಲ.

ಮೂವತ್ತು ನಲವತ್ತರ ಪ್ಲಾಟಿನ ಲೆಕ್ಕ

ಟ್ಯಾಂಕಿನಿಂದ ಹೊರಬರುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುತ್ತದೆ. ಅದನ್ನು ಮಣ್ಣೇ ಸೋಸಬೇಕು. ಹಾಗಾಗಿ ಇಂಗುಗುಂಡಿ ಅಥವಾ ಇಂಗು ಕಾಲುವೆ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ವಾಸದ ಕಟ್ಟಡದಿಂದ 6 ಮೀಟರ್ ದೂರವಿರಬೇಕೆಂದು ಮಾನಕ ಹೇಳುತ್ತದೆ. ಹದಿನೆಂಟು ಮೀಟರ್ ಅಂದರೆ ಸುಮಾರು 60 ಅಡಿ.

ಈಗ ಬಡಾವಣೆಗಳಲ್ಲಿ ಎಲ್ಲೆಡೆ ಮಾರುವ 30×40 ಅಡಿ ಪ್ಲಾಟನ್ನು ತೆಗೆದುಕೊಳ್ಳೋಣ. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದರೂ ಸಿಗುವುದು 50 ಅಡಿ. ಅಂದರೆ ಆ ಪ್ಲಾಟಿನೊಳಗೆ ಬಾವಿಯನ್ನೋ ಬೋರನ್ನೋ ಇಟ್ಟುಕೊಂಡು, ನಿಯಮದ ದೂರ ಬಿಟ್ಟು ಇಂಗುಗುಂಡಿ ತೋಡುವುದು ಸಾಧ್ಯವೇ ಇಲ್ಲ. ಮನೆಯಿಂದ 6 ಮೀಟರ್ ಎಂಬುದಂತೂ ಇನ್ನೂ ದೂರದ ಮಾತು, 20 ಅಡಿ ಖಾಲಿ ಬಿಟ್ಟರೆ 40 ಅಡಿ ಪ್ಲಾಟಿನಲ್ಲಿ ಅರ್ಧ ಮನೆ ಉಳಿಯುತ್ತದೆ. ತನ್ನ ಪ್ಲಾಟಿನಲ್ಲಿ ಬಾವಿ ಇಲ್ಲದಿದ್ದರೂ ಅಕ್ಕಪಕ್ಕದ, ಹಿಂದಿನ ಪ್ಲಾಟುಗಳ ಬಾವಿ, ಬೋರುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಾಲು ಸಾಲಾಗಿ ಮನೆಯೆದ್ದ ಬಡಾವಣೆಯಲ್ಲಿ ಪ್ರತಿಯೊಬ್ಬರ ಗುಂಡಿಯೂ ಇನ್ನೊಬ್ಬರ ಬೋರಿನ ಹತ್ತಿರವೇ ಇರುತ್ತದೆ.

ಆದ್ದರಿಂದ ಸೆಪ್ಟಿಕ್ ಟ್ಯಾಂಕಿನ ಪ್ರಶ್ನೆ ನಿಜವಾಗಿ ಹುಟ್ಟುವುದು ಪ್ಲಾಟು ಕೊಳ್ಳುವ ದಿನ. ಬಡಾವಣೆಯಲ್ಲಿ ಒಳಚರಂಡಿ ಕೊಳವೆ ಹಾಕಲಾಗಿದೆಯೇ, ಅದು ಊರಿನ ಮುಖ್ಯ ಕೊಳವೆಗೆ ಸೇರಿದೆಯೇ, ಸೇರದಿದ್ದರೆ ಆ ನೀರು ಹೋಗುವುದೆಲ್ಲಿಗೆ, ಇವನ್ನು ಮಾರುವವನಿಂದ ಕೇಳಿ, ಅನುಮೋದಿತ ಬಡಾವಣೆ ನಕ್ಷೆಯಲ್ಲಿ ನೋಡಿ ತಿಳಿಯಬೇಕು. ಒಳಚರಂಡಿ ಕೊಳವೆ ಬೀದಿಯಲ್ಲಿ ಹಾದುಹೋಗಿ, ಅದು ಚಾಲ್ತಿಯಲ್ಲೂ ಇದ್ದರೆ ಅದಕ್ಕೇ ಸಂಪರ್ಕ ಪಡೆಯುವುದು ಸರಿಯಾದ ದಾರಿ. ಆಗ ಇಂಗುಗುಂಡಿಯ ಗೋಜೇ ಇರುವುದಿಲ್ಲ. ಸಂಪರ್ಕಕ್ಕೆ ಬೇರೆ ಅರ್ಜಿ, ರಸ್ತೆ ಅಗೆಯಲು ಬೇರೆ ಅನುಮತಿ ಬೇಕು. ರಾಷ್ಟ್ರೀಯ ಹೆದ್ದಾರಿಯ ಅಂಚಿನ ಮನೆಗಳವರು ಹೆದ್ದಾರಿ ಪ್ರಾಧಿಕಾರವನ್ನೂ ಕೇಳಬೇಕಾಗುತ್ತದೆ. ಪುಣೆ–ಹೈದರಾಬಾದ್ ಹೆದ್ದಾರಿ 65 ಎರಡೂ ತಾಲ್ಲೂಕುಗಳನ್ನು ಹಾದು ಹೋಗುವುದರಿಂದ ಇಂಥ ಮನೆಗಳು ಇಲ್ಲಿ ಕಡಿಮೆಯೇನಲ್ಲ.

ಒಳಚರಂಡಿಯೂ ಇಲ್ಲ, ದೂರವೂ ಸಿಗುವುದಿಲ್ಲ ಎಂಬ ಪ್ಲಾಟಿನಲ್ಲಿ ಇಂಜಿನಿಯರ್ ಜೊತೆ ಕೂತು ಬೇರೆ ದಾರಿ ಹುಡುಕಬೇಕು. ನೀರು ಸೋರದ ಎರಡು ಕೋಣೆಯ ಟ್ಯಾಂಕು ಕಟ್ಟಿ, ಅದರಾಚೆ ಜಲ್ಲಿ ತುಂಬಿದ ಶೋಧಕ ಕೋಣೆ ಸೇರಿಸುವುದು ಒಂದು. ನಾಲ್ಕಾರು ಮನೆಗಳವರು ಸೇರಿ ಖುಲ್ಲಾ ಜಾಗದಲ್ಲಿ, ಬಾವಿಗಳಿಂದ ದೂರ, ಪರವಾನಗಿ ಪಡೆದು ಒಂದೇ ಇಂಗು ಕಾಲುವೆ ಮಾಡಿಕೊಳ್ಳುವುದು ಇನ್ನೊಂದು. ಕುಡಿಯುವ ನೀರಿಗೆ ಪ್ಲಾಟಿನೊಳಗಿನ ಬೋರನ್ನು ನೆಚ್ಚದೆ ನಲ್ಲಿ ನೀರನ್ನೇ ಬಳಸುವುದು, ಬೋರಿನ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸುವುದು ಇದರ ಜೊತೆಗಿರಬೇಕಾದ ಎಚ್ಚರ. ಮನೆಮುಂದಿನ ಓಣಿಯಲ್ಲಿ ಗುಂಡಿ ತೋಡಿ ಮೇಲೆ ಫರಸಿ ಹಾಸುವುದು ಮಾತ್ರ ದಾರಿಯಲ್ಲ. ಓಣಿ ಸಾರ್ವಜನಿಕರದು, ಅಲ್ಲಿನ ಗುಂಡಿ ಅತಿಕ್ರಮಣ, ಟ್ರ್ಯಾಕ್ಟರ್ ಹಾದಾಗ ಫರಸಿ ಮುರಿದರೆ ಅದರ ಹೊಣೆಯೂ ತೋಡಿದವರದೇ.

ಕೆಂಪು ಮಣ್ಣು, ಎರೆ ಮಣ್ಣು

ಬೀದರ್ ಜಿಲ್ಲೆಯ ನೆಲದಲ್ಲಿ ಎರಡು ಬಗೆ ಎದ್ದು ಕಾಣುತ್ತವೆ. ದಿಣ್ಣೆಯ ಮೇಲೆ ಜಂಬಿಟ್ಟಿಗೆಯ ಕೆಂಪು ನೆಲ, ತಗ್ಗಿನಲ್ಲಿ ಎರೆ ಭೂಮಿ, ಎರಡರ ಕೆಳಗೂ ದಖ್ಖನಿನ ಕಪ್ಪು ಬಸಾಲ್ಟ್ ಬಂಡೆ. ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಮೇಲೆ ಬಿದ್ದ ನೀರನ್ನು ಕುಡಿದು ಕೆಳಗಿನ ಬಂಡೆಯ ಮೇಲೆ ಹರಿಸುತ್ತದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ, ಅಂದರೆ ಕರೇಜ್, ಕೆಲಸ ಮಾಡಿದ್ದು ಈ ಗುಣದಿಂದಲೇ. ಅದೇ ಗುಣ ಸೆಪ್ಟಿಕ್ ನೀರಿಗೆ ಅಪಾಯಕಾರಿ. ಗುಂಡಿ ಎಂದೂ ತುಂಬುವುದಿಲ್ಲ, ವಾಸನೆಯೂ ಇಲ್ಲ ಎಂದು ಕೆಂಪು ನೆಲದ ಮನೆಯವರು ಸಮಾಧಾನಪಡುತ್ತಾರೆ. ನೀರು ಸೋಸುವಷ್ಟು ಹೊತ್ತು ಮಣ್ಣಿನಲ್ಲಿ ನಿಲ್ಲದೆ ಬಿರುಕುಗಳ ಮೂಲಕ ಹತ್ತಿರದ ಬಾವಿಗೆ ಓಡಿರುವ ಸಾಧ್ಯತೆ ಹೆಚ್ಚು. ಇಂಥ ನೆಲದಲ್ಲಿ 18 ಮೀಟರನ್ನು ಕನಿಷ್ಠವೆಂದು ಭಾವಿಸಿ ಆದಷ್ಟೂ ದೂರ ಹೋಗಬೇಕು.

ಎರೆಯ ಕಷ್ಟ ತಿರುಗುಮುರುಗು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ ಈ ಮಣ್ಣು ಮಳೆ ಬಿದ್ದೊಡನೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿ ಇಂಗಿದ ಗುಂಡಿ ಆಗಸ್ಟಿನಲ್ಲಿ ಅಂಗಳಕ್ಕೆ ಉಕ್ಕುತ್ತದೆ. ಉಬ್ಬುವ ಮಣ್ಣು ಟ್ಯಾಂಕಿನ ಗೋಡೆಯನ್ನೂ ಒತ್ತುವುದರಿಂದ ಎರೆಯಲ್ಲಿ ಗೋಡೆಯ ಸುತ್ತ ಮುರುಮ ತುಂಬುವುದು ವಾಡಿಕೆ. ಅದು ಒಳ್ಳೆಯ ವಾಡಿಕೆ.

ಯಾವ ಮಣ್ಣಾದರೂ ಪರೀಕ್ಷೆ ಸುಲಭ, ಖರ್ಚಿಲ್ಲದ್ದು. ಇಂಗುಗುಂಡಿ ಬರುವ ಜಾಗದಲ್ಲಿ, ಇಂಗು ಕಾಲುವೆ ಹೋಗುವ ಆಳದಷ್ಟು, 10ರಿಂದ 30 ಸೆಂಟಿಮೀಟರ್ ಅಗಲದ ಕುಣಿ ತೆಗೆದು, ಪಕ್ಕಗಳನ್ನು ಕೆರೆದು ಒರಟು ಮಾಡಿ, ತಳಕ್ಕೆ 5 ಸೆಂಟಿಮೀಟರ್ ಜಲ್ಲಿ ಹಾಕಬೇಕು. ಅದರ ಮೇಲೆ 30 ಸೆಂಟಿಮೀಟರ್ ನೀರು ತುಂಬಿ ಒಂದು ರಾತ್ರಿ ನೆನೆಯಲು ಬಿಡಬೇಕು. ಮರುದಿನ ಜಲ್ಲಿಯ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಕೋಲಿನಿಂದ ಅಳೆಯಬೇಕು. ರಾತ್ರಿಯೇ ಎಲ್ಲ ಇಂಗಿಹೋಗಿದ್ದರೆ ಅರ್ಧ ಗಂಟೆಗೊಮ್ಮೆ ತುಂಬುತ್ತ ನಾಲ್ಕು ಗಂಟೆ ನಡೆಸಿ ಕೊನೆಯ ಅರ್ಧ ಗಂಟೆಯ ಇಳಿತ ಹಿಡಿಯಬೇಕು. ಎರಡೂವರೆ ಸೆಂಟಿಮೀಟರ್ ಇಳಿಯಲು 30 ನಿಮಿಷದೊಳಗೆ ಸಾಕಾದರೆ ಇಂಗುಗುಂಡಿ ನಡೆಯುತ್ತದೆ. ಮೂವತ್ತರಿಂದ ಅರವತ್ತು ನಿಮಿಷವಾದರೆ ಗುಂಡಿಯ ಬದಲು ಉದ್ದನೆಯ ಇಂಗು ಕಾಲುವೆ ಬೇಕು. ಒಂದು ಗಂಟೆ ಮೀರಿದರೆ ಆ ಮಣ್ಣಿಗೆ ಇಂಗಿಸುವ ಶಕ್ತಿಯಿಲ್ಲ, ಶೋಧಕದ ವ್ಯವಸ್ಥೆಯೇ ಗತಿ. ಎರೆ ಭೂಮಿಯಲ್ಲಿ ಬಿರುಕು ಬಿಟ್ಟ ಬೇಸಿಗೆಯ ಪರೀಕ್ಷೆ ಸುಳ್ಳು ಹೇಳುತ್ತದೆ, ಮಳೆಗಾಲದಲ್ಲಿ ಮತ್ತೊಮ್ಮೆ ಮಾಡಬೇಕು. ಈ ಫಲಿತಾಂಶವನ್ನು ಇಂಜಿನಿಯರ್ ಕೈಗೆ ಕೊಟ್ಟು ನಕ್ಷೆಯಲ್ಲೇ ಬರೆಸಿದರೆ ಟ್ಯಾಂಕಿನಾಚೆಯ ವ್ಯವಸ್ಥೆ ಊಹೆಯ ಮೇಲೆ ನಿಲ್ಲುವುದಿಲ್ಲ. ಇಂಗುಗುಂಡಿಗೆ ಒಳಗಡೆ ಗಾರೆಯಿಲ್ಲದೆ ಕಲ್ಲು ಅಥವಾ ಇಟ್ಟಿಗೆ ಜೋಡಿಸಿ, ಹೊರಗೆ ಜಲ್ಲಿ ಕೊಡಬೇಕು. ಅಡ್ಡಳತೆ 90 ಸೆಂಟಿಮೀಟರಿಗೆ, ಕೊಳವೆಯ ಬಾಯಿಂದ ಕೆಳಗಿನ ಆಳ 1 ಮೀಟರಿಗೆ ಕಡಿಮೆ ಬೇಡ.

ಹಳ್ಳಿಗೆ ಎರಡು ಗುಂಡಿ

ಹಳ್ಳಿಯ ಮನೆಗೆ ಸೆಪ್ಟಿಕ್ ಟ್ಯಾಂಕು ಬೇಕೇ ಬೇಕೆಂಬುದಿಲ್ಲ. ಸ್ವಚ್ಛ ಭಾರತ ಮಿಷನ್ 12,000 ರೂಪಾಯಿ ಪ್ರೋತ್ಸಾಹಧನ ಕೊಟ್ಟು ಕಟ್ಟಿಸಿದ ಶೌಚಾಲಯಗಳಿಗೆ ಅದು ಶಿಫಾರಸು ಮಾಡಿದ್ದು ಜೋಡಿ ಗುಂಡಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೂವರೆ ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಒಣ ಗೊಬ್ಬರವಾಗುತ್ತದೆ. ಗಾಡಿಯೂ ಬೇಡ, ಯಂತ್ರವೂ ಬೇಡ. ಹಾಗಿದ್ದರೂ ಎರಡು ಗುಂಡಿಯ ದುಡ್ಡಿನಲ್ಲಿ ಒಂದೇ ಆಳದ ಗುಂಡಿ ತೋಡಿಸಿಕೊಂಡವರು ಬಹಳ. ಆ ಗುಂಡಿ ತುಂಬಿದ ದಿನ ಹಸಿ ಮಲವನ್ನೇ ತೆಗೆಸಬೇಕಾಗುತ್ತದೆ. ಬಚ್ಚಲ ನೀರನ್ನು ಈ ಗುಂಡಿಗಳಿಗೆ ಬಿಡಬಾರದು. ಅದಕ್ಕೆ ಉದ್ಯೋಗ ಖಾತ್ರಿಯಲ್ಲಿ ಊರೂರಿಗೆ ಕಟ್ಟಿಸಿದಂಥ ಬಚ್ಚಲು ಗುಂಡಿ ಬೇರೆಯೇ ಇರಬೇಕು.

ಗಟಾರಕ್ಕೆ ಬಿಟ್ಟ ಕೊಳವೆ

ಸಂಡಾಸದ ಕೊಳವೆಯನ್ನು ನೇರವಾಗಿ ತೆರೆದ ಗಟಾರಕ್ಕೆ ಕೊಟ್ಟರೆ ಅದು ಬರೀ ನೈರ್ಮಲ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಅನೈರ್ಮಲ್ಯ ಶೌಚಾಲಯ ಎಂಬುದನ್ನು ವಿವರಿಸುವಾಗ, ತೆರೆದ ಚರಂಡಿಗೋ ಗುಂಡಿಗೋ ಮಲ ಬಿದ್ದು ಅದನ್ನು ಮನುಷ್ಯರೇ ಎತ್ತಬೇಕಾದ ಶೌಚಾಲಯವನ್ನೂ ಸೇರಿಸುತ್ತದೆ. ಅಂಥದ್ದನ್ನು ಕಟ್ಟಿಸುವುದು ಐದನೇ ಪ್ರಕರಣದಂತೆ ನಿಷಿದ್ಧ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕೆರೆ, ಹಳ್ಳ, ಬಾವಿಗೆ ಮಲಿನ ನೀರು ಬಿಡುವುದನ್ನು 1974ರ ಜಲ ಕಾಯ್ದೆಯ 24ನೇ ಪ್ರಕರಣ ತಡೆಯುತ್ತದೆ. ಬಸವಕಲ್ಯಾಣದ ತ್ರಿಪುರಾಂತ ಕೆರೆಯಂಥ ಜಾಗಗಳಿಗೆ ಊರಿನ ನೀರು ಯಾವ ಹಾದಿಯಲ್ಲಿ ಇಳಿಯುತ್ತದೆ ಎಂದು ನೋಡಿದರೆ, ಒಂದೊಂದು ಮನೆಯ ಕೊಳವೆಯೂ ಎಲ್ಲಿ ಮುಟ್ಟುತ್ತದೆಂಬುದು ತಿಳಿಯುತ್ತದೆ.

ಒಂಟಿ ಮನೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕಿಲ್ಲ. ದೊಡ್ಡ ವಸತಿ ಸಮುಚ್ಚಯ, ಹೋಟೆಲು, ಆಸ್ಪತ್ರೆ, ಕಲ್ಯಾಣ ಮಂಟಪ ಕಟ್ಟುವವರು ಮಾತ್ರ ಬೀದರಿನ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಅವರಿಗೆ ಸೆಪ್ಟಿಕ್ ಟ್ಯಾಂಕು ಸಾಲದೆ ಸಂಸ್ಕರಣಾ ಘಟಕವೇ ಬೇಕಾಗಬಹುದು.

ಖಾಲಿ ಮಾಡಿಸುವ ಹೊಣೆ

ಟ್ಯಾಂಕನ್ನು ಅದರ ಅಳತೆಗೆ ತಕ್ಕಂತೆ ವರ್ಷಕ್ಕೊಮ್ಮೆಯೋ ಎರಡು ಮೂರು ವರ್ಷಕ್ಕೊಮ್ಮೆಯೋ ಖಾಲಿ ಮಾಡಿಸಬೇಕು. ಉಕ್ಕುವವರೆಗೆ ಕಾಯ್ದರೆ ಆ ಹೊತ್ತಿಗಾಗಲೇ ಕೆಸರು ಇಂಗುಗುಂಡಿಗೆ ಹೋಗಿ ಅದರ ಗೋಡೆಯನ್ನು ಕಟ್ಟಿಹಾಕಿರುತ್ತದೆ, ಇಂಗುಗುಂಡಿಯನ್ನೇ ಹೊಸದಾಗಿ ತೋಡಬೇಕಾಗುತ್ತದೆ. ಈ ಕೆಲಸಕ್ಕೆ ಯಂತ್ರ ಮಾತ್ರ. ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯ್ದೆಯ ಏಳನೇ ಪ್ರಕರಣ ನಿಷೇಧಿಸುತ್ತದೆ. ಆ ನಿಷೇಧ ನಗರಸಭೆಗೆ, ಗುತ್ತಿಗೆದಾರನಿಗೆ ಅನ್ವಯವಾಗುವಷ್ಟೇ ಮನೆ ಮಾಲೀಕರಿಗೂ ಅನ್ವಯ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಐದು ವರ್ಷ, 5 ಲಕ್ಷ. ಒಳಗಿಳಿದು ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು.

ಸಾಯುವುದು ಹೇಗೆಂದು ಪ್ರತಿ ಮನೆಯವರಿಗೂ ತಿಳಿದಿರಬೇಕು. ಕೊಳೆಯುವ ಮಲದಿಂದ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದಾಗ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಒಂದೆರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ, ಮೂರನೆಯವನೂ ಹಾಗೆಯೇ ಸಾಯುತ್ತಾರೆ. ಅನೇಕ ದುರಂತಗಳು ನಡೆದಿರುವುದು ಹೀಗೆ. ಒಂದು ದಿನವೂ ಬಳಸದ ಹೊಸ ಟ್ಯಾಂಕು ಕೂಡ ಅಪಾಯ ತಪ್ಪಿದ್ದಲ್ಲ. ಸ್ಲ್ಯಾಬ್ ಹಾಕಿ ಹಲವು ದಿನ ಮುಚ್ಚಿಟ್ಟ ಟ್ಯಾಂಕಿನಲ್ಲಿ ಒದ್ದೆ ಸೆಂಟ್ರಿಂಗ್ ಕಟ್ಟಿಗೆ ಕೊಳೆತು ಆಮ್ಲಜನಕ ಕಡಿಮೆಯಾಗಿರುತ್ತದೆ, ಹಲಗೆ ಬಿಚ್ಚಲು ಇಳಿದ ಕೆಲಸಗಾರರು ಸತ್ತ ಘಟನೆಗಳಿವೆ. ಎಲ್ಲ ಮುಚ್ಚಳ ತೆಗೆದು, ಬಹಳ ಹೊತ್ತು ಗಾಳಿಯಾಡಿಸಿ, ಹಗ್ಗ ಕಟ್ಟಿ ಮೇಲೊಬ್ಬರು ಹಿಡಿದು ನಿಲ್ಲದೆ ಹೊಸ ಟ್ಯಾಂಕಿಗೂ ಯಾರನ್ನೂ ಇಳಿಸಬಾರದು.

ಗಾಡಿಯನ್ನು ಕರೆಸುವಾಗ ಅದು ಸ್ಥಳೀಯ ಸಂಸ್ಥೆಯದೋ, ಸಂಸ್ಥೆಯಲ್ಲಿ ನೋಂದಾಯಿಸಿದ ಖಾಸಗಿಯವರದೋ ಎಂದು ಕೇಳಬೇಕು, ತುಂಬಿದ್ದನ್ನು ಎಲ್ಲಿ ಸುರಿಯುತ್ತಾರೆಂದೂ ಕೇಳಬೇಕು. ಹಳ್ಳಕ್ಕೆ, ಯಾರದೋ ಹೊಲದ ಬದುವಿಗೆ ಸುರಿಯುವುದು ಕಾನೂನುಬಾಹಿರ. ಮಲತ್ಯಾಜ್ಯವನ್ನು ಸಂಸ್ಕರಿಸಿ ಗೊಬ್ಬರ ಮಾಡುವ, ಇಡೀ ಪಟ್ಟಣಕ್ಕೆಂದು ಕಟ್ಟಿದ ದೇಶದ ಮೊದಲ ಘಟಕ 2015ರಲ್ಲಿ ನಮ್ಮದೇ ರಾಜ್ಯದ ದೇವನಹಳ್ಳಿಯಲ್ಲಿ ಆರಂಭವಾಯಿತು. ಮಲತ್ಯಾಜ್ಯ ನಿರ್ವಹಣೆಯ 2017ರ ರಾಷ್ಟ್ರೀಯ ನೀತಿ ಇಂಥ ವ್ಯವಸ್ಥೆಯನ್ನು ಪ್ರತಿ ಪಟ್ಟಣವೂ ಮಾಡಿಕೊಳ್ಳಬೇಕೆನ್ನುತ್ತದೆ. ಗಾಡಿ ಬಂದ ದಿನಾಂಕ, ಗಾಡಿ ನಂಬರು, ಕೊಟ್ಟ ಹಣದ ರಸೀದಿಯನ್ನು ಮನೆಯ ಕಾಗದಗಳ ಜೊತೆ ಇಡಬೇಕು. ಮಂಜೂರಾದ ನಕ್ಷೆಯ ಪ್ರತಿಯ ಮೇಲೆ ಮುಚ್ಚಳ ಯಾವ ಮೂಲೆಯಿಂದ ಎಷ್ಟು ಅಡಿ ಎಂದು ಬರೆದಿಟ್ಟರೆ, ಮುಂದೆ ಮನೆ ಕೊಂಡವರು ಹುಡುಕಾಡಿ ಅಂಗಳ ಅಗೆಯಬೇಕಾಗದು. ಮನುಷ್ಯರನ್ನು ಟ್ಯಾಂಕಿಗೆ ಇಳಿಸುತ್ತಿರುವುದು ಕಂಡರೆ ತಿಳಿಸಲು, ಯಂತ್ರದ ನೆರವು ಕೇಳಲು ರಾಷ್ಟ್ರೀಯ ಸಹಾಯವಾಣಿ 14420. ಸ್ಥಳೀಯ ಸಂಸ್ಥೆ ಕಿವಿಗೊಡದಿದ್ದರೆ ಪಟ್ಟಣದವರು ಬೀದರಿನ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ, ಹಳ್ಳಿಯವರು ತಮ್ಮ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆದುಕೊಡಬಹುದು.